ತಿಪ್ಪವ್ವನ ಮೊಣಕಾಲಿನ ಆಯೇರಿ

ಯಂಕಂಚಿಯ ತಿಪ್ಪವ್ವನ ಬಲ ಮೊಣಕಾಲು ಸವೆದುಹೋಗಿತ್ತು. ಕೀಲು ಬದಲಿಸದಿದ್ದರೆ ಕುರಿಗಳ ಹಿಂದೆ ಹೋಗುವ ಮಾತು ಮರೆತುಬಿಡು ಎಂದಿದ್ದರು ಡಾಕ್ಟರು. ವಿಮೆ ಇರಲಿಲ್ಲ. ರೇಶನ್ ಕಾರ್ಡು ಎಪಿಎಲ್ ಆಗಿದ್ದರಿಂದ ಸರಕಾರದ ಯೋಜನೆಯಲ್ಲಿ ಸಿಗುವುದು ಮೂವತ್ತು ಪರ್ಸೆಂಟು ಮಾತ್ರ. ಅರ್ಧ ಹಿಂಡು ಮಾರಿದ ಮೇಲೂ ಇಪ್ಪತ್ತೈದು ಸಾವಿರ ಕಡಿಮೆ ಬಿತ್ತು.

"ಆಯೇರಿ ಇಡೂಣು," ಅಂದಳು ತಿಪ್ಪವ್ವ.

ಗಂಡ ಸೋಮನಿಂಗ ಬಾಯೊಳಗಿನ ಎಲೆಯಡಿಕೆ ನುಂಗಿಬಿಟ್ಟ. "ಮದಿವಿ ಇಲ್ಲ, ತೊಟ್ಟಲಾ ಇಲ್ಲ, ಎದರದ ಆಯೇರಿ? ಮಂದಿ ನಗ್ತಾರ."

"ನಗಲಿ. ಊರಾಗಿನ ಎಲ್ಲಾರ ಲಗ್ನಕ್ಕೂ ಉಡುಗೊರಿ ಕೊಟ್ಟು ಕೊಟ್ಟು ಮುದುಕ್ರಾದ್ವಿ. ನಮಗ ಮಕ್ಕಳಿಲ್ಲಂತ ಒಬ್ರರ ತಿರುಗಿ ಕೊಟ್ಟಾರೇನು? ಈ ಮೊಣಕಾಲ ನಮ್ಮ ಮಗಳು ಅನ್ಕೋರಿ."

ಸೋಮವಾರ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಜಮಖಾನೆ ಹಾಸಿದರು. ಪಕ್ಕದ ಮನೆಯ ಸಗೀರಾ ಚಹಾ ನೋಡಿಕೊಂಡಳು. ಮದುವೆಗಳಲ್ಲಿ ಯಾರ ಉಡುಗೊರೆ ಏನೆಂದು ಆಯೇರಿ ಕೂಗುವ ಮಡಿವಾಳಪ್ಪ ಮೈಕ್ ಹಿಡಿದ. ಊರೇ ಬಂತು. ಆದರೆ ರೂಢಿ ಬಿಡಬೇಕಲ್ಲ! ಆಯೇರಿ ಎಂದದ್ದೇ ತಡ, ಜನ ಬಟ್ಟೆ ಹಿಡಿದುಕೊಂಡು ಬಂದಿದ್ದರು.

"ಸಿದ್ದಲಿಂಗವ್ವನ ಆಯೇರಿ, ಒಂದ ಸೀರಿ! ದುಂಡೇಶಂದು, ಒಂದ ಟಾವೆಲ್, ಒಂದ ಟೊಪ್ಪಿಗಿ!"

ತಿಪ್ಪವ್ವನ ಎದುರು ಸೀರೆ, ಟಾವೆಲ್, ರವಿಕೆ ಹೊಲಿಸುವ ಜಂಪರ ಪೀಸುಗಳ ಗುಡ್ಡ ಬೆಳೆಯಿತು. ರೊಕ್ಕ ಮಾತ್ರ ತಟ್ಟೆಯ ತಳವನ್ನೂ ಮುಚ್ಚಲಿಲ್ಲ. ಕಂಬದ ಮರೆಯಲ್ಲಿ ನಿಂತಿದ್ದ ಸೋಮನಿಂಗ, ನಾ ಹೇಳಿದ್ದಿಲ್ಲೇನು ಎಂಬಂತೆ ನೋಡಿದ.

ತಿಪ್ಪವ್ವ ಮೈಕ್ ಕಸಿದುಕೊಂಡಳು. "ಅಣ್ಣಾರ, ಅಕ್ಕಾರ, ದವಾಖಾನಿಯವ್ರು ಜಂಪರ ಪೀಸು ತೊಗೊಳಂಗಿಲ್ರಿ! ಲಿಲಾವ ಹಚ್ಚೇನಿ, ಕೂಗ್ರಿ. ಸಿದ್ದಲಿಂಗವ್ವನ ಸೀರಿ, ಐದನೂರು!"

ಸಿದ್ದಲಿಂಗವ್ವ ದಡಬಡಿಸಿ ಎದ್ದಳು. "ಮುನ್ನೂರಕ್ಕ ತಂದೇನಿ ಬೇ ಅದನ್ನ!"

"ಗುಡಿ ಮುಂದ ಕುಂತು ರೇಟ್ ಏರೈತಿ."

ನಗೆ ಎದ್ದಿತು. ಸಗೀರಾ ಆರುನೂರು ಕೂಗಿದಳು. ಹಟಕ್ಕೆ ಬಿದ್ದ ಸಿದ್ದಲಿಂಗವ್ವ ತಾನು ಕೊಟ್ಟ ಸೀರೆಯನ್ನೇ ಎಂಟುನೂರಕ್ಕೆ ಕೊಂಡಳು. ದುಂಡೇಶನ ಟಾವೆಲ್ಲಿಗೆ ಅವನ ಬೀಗರೇ ಪೈಪೋಟಿಗೆ ಬಿದ್ದರು; ಅದು ಸಾವಿರ ದಾಟಿತು. ಕೊಂಡವರಲ್ಲಿ ಕೆಲವರು ಅದನ್ನೇ ಮತ್ತೆ ಆಯೇರಿ ಮಾಡಿದರು. ಒಂದೇ ಟೊಪ್ಪಿಗೆ ಮೂರು ಸಲ ಮಾರಾಟವಾಯಿತು.

ಸಂಜೆಗೆ ಸೋಮನಿಂಗ ಮರೆಯಿಂದ ಈಚೆ ಬಂದು ತಾನೇ ರೊಕ್ಕ ಎಣಿಸಿದ. ನಂಬಿಕೆ ಬರದೆ ಮತ್ತೊಮ್ಮೆ ಎಣಿಸಿದ. ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು.

"ಅಲ್ಲಾ," ಅಂದ ಮೆಲ್ಲಗೆ, "ಎಡಗಾಲಿಗೂ ಒಂದ ಆಯೇರಿ ಇಡೂಣೇನು?"

ಸುಮ್ಮನಿರು ಎಂದು ಕೈ ಮಾಡಿದಳು ತಿಪ್ಪವ್ವ. ಅವಳಾಗಲೇ ದವಾಖಾನೆಗೆ ಫೋನ್ ಹಚ್ಚಿದ್ದಳು. "ಹಲೋ, ಯಂಕಂಚಿ ತಿಪ್ಪವ್ವ ಮಾತಾಡ್ತೇನ್ರಿ. ತಾರೀಖ ಕೊಡ್ರಿ."