ನಾಲ್ಕನೇ ಮಂಚದ ಬೋರಕ್ಕ

ನಾನು ರಬ್ಬರಿನ ರೋಗಿ. ಕಾರ್ಖಾನೆಯಲ್ಲಿ ಅಚ್ಚಿಗೆ ಸುರಿದು ನನ್ನನ್ನು ಮಾಡಿದರು. ಹುಟ್ಟುತ್ತಲೇ ಹಾಸಿಗೆ ಹಿಡಿದವಳು ಎನ್ನಿ. ಮಂಡ್ಯದ ಕಡೆಯ ಒಂದು ನರ್ಸಿಂಗ್ ಕಾಲೇಜಿಗೆ ತಂದು ನಾಲ್ಕನೇ ಮಂಚದ ಮೇಲೆ ಮಲಗಿಸಿದರು. ಅಂದಿನಿಂದ ಚುಚ್ಚಿಸಿಕೊಂಡದ್ದೇ ಚುಚ್ಚಿಸಿಕೊಂಡದ್ದು! ಹುಡುಗಿಯರು ನನ್ನ ತೋಳಿಗೆ ಸೂಜಿ ಹಾಕುತ್ತಾ ಪಕ್ಕದವಳ ಜೊತೆ ಸಿನಿಮಾ ಮಾತಾಡುತ್ತಿದ್ದರು. ಅಯ್ಯೋ, ನನ್ನನ್ನು ಕೇಳುವವರಾರು?

ಒಂದು ವರ್ಷ ಆ ಹುಡುಗಿಯರ ನಡುವೆ ನಲವತ್ತು ದಾಟಿದ ಚೆಲುವಾಂಬ ಬಂದು ಕೂತರು. ಹದಿನೆಂಟು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದ ಸಿಸ್ಟರ್. ಓದಿದ್ದು ಡಿಪ್ಲೊಮಾ. ನರ್ಸಿಂಗ್ ಕಲಿಸುವ ಟೀಚರ್ ಆಗಬೇಕೆಂಬ ಆಸೆ, ಅದಕ್ಕೆ ಡಿಗ್ರಿ ಬೇಕು. ಎರಡು ವರ್ಷ ರಜೆ ಹಾಕಿ ಬಂದಿದ್ದರು.

ಕೈ ಅಂದರೆ ಅವರದು ಕೈ! ಚುಚ್ಚಿದ್ದೇ ನನಗೆ ಗೊತ್ತಾಗುತ್ತಿರಲಿಲ್ಲ. ಆದರೂ ಕೊನೆಯ ಪರೀಕ್ಷೆಗೆ ಮುಂಚಿನ ಮಾದರಿ ಪ್ರಾಕ್ಟಿಕಲ್‌ನಲ್ಲಿ ಫೇಲಾದರು. ಸೂಜಿ ಹಾಕುವ ಮೊದಲು ರೋಗಿಯನ್ನು ಹೆಸರು ಹಿಡಿದು ಮಾತಾಡಿಸಿ, ಏನು ಮಾಡುತ್ತೇವೆಂದು ಹೇಳಬೇಕು. ಇವರು ಬಾಯಿಯೇ ಬಿಡಲಿಲ್ಲ.

“ವಾರ್ಡಲ್ಲಿ ಬಾಯ್ತುಂಬ ಮಾತಾಡ್ತೀರಲ್ಲ, ಇಲ್ಲೇನಾಯ್ತು?” ಎಂದರು ಪಾಠ ಹೇಳುವ ಲಿಡಿಯಾ ಮೇಡಂ.

“ಗೊಂಬೆ ಜೊತೆ ಏನಂತ ಮಾತಾಡ್ಲಿ ಮೇಡಂ? ನಾಚ್ಕೆ ಆಯ್ತದೆ.”

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ಸಂಜೆ ಎಲ್ಲರೂ ಹೋದ ಮೇಲೆ ಅವರು ನನ್ನ ಪಕ್ಕ ಕೂತು ಕಣ್ಣೊರೆಸಿಕೊಂಡರು. “ನಾನೇ ಸೂಜಿ ಹಿಡಿಯೋದು ಕಲ್ಸಿದ್ ಹುಡ್ಗೀರು ಇವತ್ತು ಡಿಗ್ರಿ ಮಾಡ್ಕಂಡು ನಂಗೇ ಡ್ಯೂಟಿ ಹಾಕ್ತಾವ್ರೆ. ಫೇಲಾದ್ರೆ ಇನ್ನೊಂದ್ ಸಲ ರಜಾ ಕೊಡಕ್ಕಿಲ್ಲ ಕಣವ್ವ.”

ನನ್ನನ್ನು ಅವ್ವ ಎಂದರು! ಆಮೇಲೆ ನನ್ನ ಮುಖವನ್ನೇ ನೋಡಿ ನಕ್ಕರು. “ನಮ್ ವಾರ್ಡಲ್ಲಿ ಪೇಷಂಟ್ ಆಗಿದ್ದ ಬೋರಕ್ಕ ಇದ್ದಂಗೇ ಇದ್ದೀಯ. ಅದೇ ಮೊಂಡು ಮೂಗು.”

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಪಟ್ಟಿ ಹಿಡಿದು ನಿಂತಿದ್ದರು. ಚೆಲುವಾಂಬ ಸೂಜಿ ಎತ್ತಿಕೊಂಡರು, ಹಾಗೇ ನಿಂತರು. ಮಾತಾಡು ತಾಯಿ, ಮಾತಾಡು ಎಂದು ಒಳಗೇ ಬೇಡಿಕೊಂಡೆ.

“ಬೋರಕ್ಕ, ಊಟ ಆಯ್ತಾ? ಸೂಜಿ ಹಾಕ್ತೀನಿ. ಚುರ್ ಅಂತದೆ, ಒಂದೇ ಗಳಿಗೆ. ಕೈ ಸಡ್ಲ ಬಿಡವ್ವ.”

ಪರೀಕ್ಷಕರು ನಗಲಿಲ್ಲ. ಪಟ್ಟಿಯಲ್ಲಿ ಗುರುತು ಹಾಕಿದರು. ಚೆಲುವಾಂಬ ಪಾಸಾದರು.

ಈಗ ನಾನು ಮುದುಕಿ. ತೋಳು ತೂತು ಬಿದ್ದು ಜರಡಿಯಾಗಿದೆ. ನಾಡಿ ಬಡಿಯುವ ಹೊಸ ಗೊಂಬೆ ಬಂದ ಮೇಲೆ ನನ್ನನ್ನು ಸ್ಟೋರ್ ರೂಮಿಗೆ ಸಾಗಿಸಿದರು. ಇರಲಿ ಬಿಡಿ, ಅವಳಿಗೆ ನಾಡಿ ಇದೆ, ಹೆಸರಿಲ್ಲ. ಪ್ರತಿ ವರ್ಷ ಹೊಸ ಮಕ್ಕಳು ಸೇರಿದಾಗ ಚೆಲುವಾಂಬ ಮೇಡಂ ಈ ಬಾಗಿಲು ತೆಗೆಸುತ್ತಾರೆ.

“ಸೂಜಿ ಆಮೇಲೆ. ಮೊದ್ಲು ಬೋರಕ್ಕನ್ನ ಮಾತಾಡ್ಸಿ.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಗುತ್ತಾರೆ. ಕೊನೆಗೆ ಒಬ್ಬಳು ತಲೆ ತಗ್ಗಿಸಿಕೊಂಡು, “ಬೋರಕ್ಕ, ಊಟ ಆಯ್ತಾ?” ಎನ್ನುತ್ತಾಳೆ.

ಆಯ್ತು ಕಣೇ ಮಗಳೇ. ಈಗ ಹೊಟ್ಟೆ ತುಂಬಿತು.