ನಲವತ್ತೇಳನೆಯ ದನಿ

ಟಿಕ್ ಎಂದಿತು.

ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದ ಸ್ವಪ್ನಾ ಲೋಟವನ್ನು ತುಟಿಗಿಟ್ಟುಕೊಂಡೇ ನಿಂತಳು. ಹಲ್ಲಿಯಲ್ಲ, ಹಲ್ಲಿಯಾದರೆ ಲೊಚಗುಟ್ಟುತ್ತದೆ. ಚಿಲಕವೂ ಅಲ್ಲ. ಈ ಮನೆಗೆ ಸೊಸೆಯಾಗಿ ಬಂದ ಮೂರು ವರ್ಷದಲ್ಲಿ ಇಲ್ಲಿನ ಮೂರು ಚಿಲಕಗಳ ಸದ್ದನ್ನೂ ಅವಳು ಬೇರೆಬೇರೆಯಾಗಿ ಗುರುತಿಟ್ಟುಕೊಂಡಿದ್ದಳು. ರಾತ್ರಿ ಹನ್ನೊಂದೂವರೆ. ಪಡಸಾಲೆಯ ನಾಲ್ಕು ಹೊಲಿಗೆ ಯಂತ್ರಗಳು ನಿಂತು, ರಾಯದುರ್ಗದ ಆ ಓಣಿಯೆಲ್ಲ ಮಲಗಿತ್ತು. ಇನ್ನೊಂದು ಗುಟುಕು ಕುಡಿದು, ಲೋಟ ತೊಳೆದಿಟ್ಟು, ಪಡಸಾಲೆಗೆ ಬಂದಾಗ ಮಾತು ಕೇಳಿಸಿತು. ಹೆಂಗಸಿನ ಮಾತು. ಬರುತ್ತಿದ್ದದ್ದು ತನ್ನದೇ ಕೋಣೆಯಿಂದ.

ಓಡಿಹೋಗಿ ನೋಡಿದರೆ ಹೆಡ್‌ಫೋನ್ ಮೇಜಿನ ಮೇಲಿತ್ತು, ಅದರ ಪಿನ್ನು ಲ್ಯಾಪ್‌ಟಾಪಿನ ತೂತಿನಲ್ಲೇ ಇತ್ತು. ಆದರೂ ದನಿ ಹೊರಡುತ್ತಿದ್ದದ್ದು ಲ್ಯಾಪ್‌ಟಾಪಿನ ಸ್ಪೀಕರಿನಿಂದ. ಅವಳು ಒತ್ತಿ ನಿಲ್ಲಿಸಿದಳು. ಎದ್ದು ಹೋಗುವಾಗ ರೆಕಾರ್ಡಿಂಗ್ ಹನ್ನೊಂದನೆಯ ನಿಮಿಷದಲ್ಲಿತ್ತು. ಮಗುವೊಂದು ಅಳುತ್ತಿದ್ದ ಭಾಗ, ಬರೆದುಕೊಳ್ಳುವಂಥದ್ದು ಏನೂ ಇಲ್ಲವೆಂದು ಓಡಲು ಬಿಟ್ಟು ಹೋಗಿದ್ದಳು. ಈಗ ಹದಿಮೂರು ದಾಟಿತ್ತು.

ಪಕ್ಕದ ಕೋಣೆಯಲ್ಲಿ ಅತ್ತೆ ಅಂಬಮ್ಮನ ಮಂಚ ಒಮ್ಮೆ ಕಿರ್ರೆಂದಿತು. ಮಲಗಿದವರು ಮಗ್ಗುಲಾದರೂ ಮಂಚ ಕಿರ್ರೆನ್ನುತ್ತದೆ, ಕಿವಿಗೊಟ್ಟು ಕೂತವರು ಮಲಗಿದರೂ ಕಿರ್ರೆನ್ನುತ್ತದೆ. ಯಾವುದೆಂದು ಸ್ವಪ್ನಾಳಿಗೆ ತಿಳಿಯಲಿಲ್ಲ. ಗಂಡ ಕಿರಣ್‌ಕುಮಾರ್ ಹೊಲಿದ ಪ್ಯಾಂಟುಗಳ ಮೂಟೆ ಹಾಕಿಕೊಂಡು ಬಳ್ಳಾರಿಗೆ ಹೋಗಿದ್ದ. ಮನೆಯಲ್ಲಿ ಇಬ್ಬರೇ.

ಅವಳದು ಕೇಳಿ ಬರೆಯುವ ಕೆಲಸ. ಅನಂತಪುರದ ಒಂದು ಸಂಸ್ಥೆ ಹಳ್ಳಿಗಳಲ್ಲಿ ಹೆಂಗಸರ ಆರೋಗ್ಯದ ಸಮೀಕ್ಷೆ ಮಾಡಿಸುತ್ತಿತ್ತು. ಅಮರಾಪುರದ ಕಡೆಯ ಹೆಂಗಸರ ಮಾತನ್ನು ತಪ್ಪಿಲ್ಲದೆ ಬರೆಯಲು ಆ ಸೀಮೆಯವಳೇ ಬೇಕೆಂದು, ಡಿಗ್ರಿ ಮಾಡಿದ ಮಡಕಶಿರದ ಸ್ವಪ್ನಾಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ ಈ ಲ್ಯಾಪ್‌ಟಾಪ್ ಕೊಟ್ಟಿದ್ದರು. ಮಾತಾಡಿದವರಿಗೆ ಹೆಸರಿಲ್ಲ, ನಂಬರು ಮಾತ್ರ. ನಿನ್ನ ಮಾತು ಮೂರನೆಯವರ ಕಿವಿಗೆ ಬೀಳುವುದಿಲ್ಲ ಎಂದು ಪ್ರತಿಯೊಬ್ಬಳಿಗೂ ಮಾತು ಕೊಟ್ಟಿದ್ದರು. ಹೆಡ್‌ಫೋನಿನಲ್ಲೇ ಕೇಳುತ್ತೇನೆಂದು ಸ್ವಪ್ನಾ ಸಹಿ ಹಾಕಿದ್ದಳು. ರಾತ್ರಿ ಹರಿದುಹೋದ ಎರಡು ನಿಮಿಷ ನಲವತ್ತೇಳನೆಯ ಹೆಂಗಸಿನವು. ಅವುಗಳಲ್ಲಿ ಏನಿತ್ತೆಂದು ತಿಳಿಯಲು ಮತ್ತೆ ಕೇಳಬೇಕು. ಕೇಳಲು ಹೆಡ್‌ಫೋನ್ ಸರಿಯಾಗಬೇಕು.

ಬೆಳಿಗ್ಗೆ ಅಂಬಮ್ಮ ಚಹಾದ ಲೋಟ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟಳು.

"ರಾತ್ರಿ ನಿದ್ದಿ ಬಂತೇನವ್ವ?"

"ಬಂತ್ರಿ ಅತ್ತೆ. ನಿಮಗೆ?"

"ನನಗೇನು, ವಯಸ್ಸಾದೋರು. ಬಂದ್ರ ಬಂತು, ಇಲ್ಲಾಂದ್ರ ಇಲ್ಲ."

ಅಷ್ಟೇ ಹೇಳಿ ಜೀನ್ಸ್ ಪ್ಯಾಂಟುಗಳ ರಾಶಿಯ ಮುಂದೆ ಕೂತು, ಹೊಲಿಗೆಯ ಬಾಲದಾರಗಳನ್ನು ಕತ್ತರಿಸತೊಡಗಿದಳು. ದಿನವೂ ಓಣಿಯ ಸುದ್ದಿಯನ್ನೆಲ್ಲ ಹೇಳುತ್ತ ಕತ್ತರಿಸುವವಳು ಅಂದು ಬಾಯಿ ಬಿಡಲಿಲ್ಲ.

ಸ್ವಪ್ನಾ ಕೋಣೆಗೆ ಬಂದು ಲ್ಯಾಪ್‌ಟಾಪಿನ ಚೀಲ ನೋಡಿದಳು. ಕತ್ತರಿಸಿ ಉಳಿದ ಜೀನ್ಸ್ ತುಂಡುಗಳಿಂದ ಅತ್ತೆಯೇ ಹೊಲಿದುಕೊಟ್ಟ ಚೀಲ. ಅದಕ್ಕೆ ಎರಡು ಗುಂಡಿ. ಸ್ವಪ್ನಾ ಯಾವಾಗಲೂ ಎರಡನ್ನೂ ಹಾಕುತ್ತಿದ್ದಳು. ಈಗ ಒಂದೇ ಹಾಕಿತ್ತು. ರಾತ್ರಿಯ ಗಾಬರಿಯಲ್ಲಿ ತಾನೇ ಒಂದನ್ನು ಮರೆತೆನೋ, ಬೆಳಗಿನ ಜಾವ ಸ್ನಾನಕ್ಕೆ ಹೋದಾಗ ಯಾರಾದರೂ ತೆಗೆದರೋ? ಯಾರಾದರೂ ಎಂದರೆ ಇನ್ನು ಯಾರು?

ಪಿನ್ನು ಚುಚ್ಚಿ ಸೌಂಡ್ ಸೆಟ್ಟಿಂಗ್ ತೆರೆದಳು. ಯಾವಾಗಲೂ ಎರಡು ಹೆಸರು ಇರುತ್ತಿದ್ದ ಕಡೆ ಸ್ಪೀಕರ್ ಒಂದೇ ಇತ್ತು. ಹೆಡ್‌ಫೋನ್ ಎಂಬ ಹೆಸರೇ ಮಾಯ. ಯಾರೋ ಅಳಿಸಿದ್ದಾರೆ ಎಂದು ಮೊದಲು ಅನ್ನಿಸಿತು. ಅಪ್ಪಣೆ ಟೈಪ್ ಮಾಡುವ ಟರ್ಮಿನಲ್ ತೆರೆದು, ಟ್ರೇನಿಂಗಿನಲ್ಲಿ ಕಲಿಸಿದಂತೆ, ಸದ್ದಿನ ಮಟ್ಟ ತೋರಿಸುವ ಆಲ್ಸಾಮಿಕ್ಸರಿನ ಹೆಸರು ಬರೆದಳು. ಕಪ್ಪು ತೆರೆಯ ಮೇಲೆ ಹಸಿರು ಕೆಂಪು ಕಂಬಗಳು ನಿಂತವು. ಹೆಡ್‌ಫೋನ್ ಕಂಬದ ಸದ್ದು ಅಡಗಿಸಿರಲಿಲ್ಲ. ಆಟೋ-ಮ್ಯೂಟ್ ಕೂಡ ಚಾಲೂ ಇತ್ತು, ಎಂದರೆ ಪಿನ್ನು ಹಾಕಿದ ಕೂಡಲೇ ಸ್ಪೀಕರ್ ಬಾಯಿ ಮುಚ್ಚಬೇಕೆಂಬ ಅಪ್ಪಣೆ ಜಾರಿಯಲ್ಲಿತ್ತು. ರೀಸ್ಟಾರ್ಟ್ ಮಾಡಿದಳು. ಹೆಡ್‌ಫೋನನ್ನು ತನ್ನ ಮೊಬೈಲಿಗೆ ಚುಚ್ಚಿ ನೋಡಿದಳು, ಚೆನ್ನಾಗಿಯೇ ಕೇಳಿಸಿತು. ಹಾಗಾದರೆ ಹೆಡ್‌ಫೋನೂ ಸರಿ, ಸೆಟ್ಟಿಂಗೂ ಸರಿ. ಪಿನ್ನು ಒಳಗಿದ್ದರೂ ಒಳಗಿಲ್ಲವೆಂದೇ ಕಂಪ್ಯೂಟರ್ ನಂಬಿಕೊಂಡಿತ್ತು.

ಅನಂತಪುರಕ್ಕೆ ಫೋನ್ ಮಾಡಿದಳು. ಕೆಲಸ ಹಂಚುವ ರೇಖಾ ಮೇಡಂ ಎತ್ತಿಕೊಂಡಳು.

"ಹೆಡ್‌ಫೋನ್ ಕೇಳ್ತಿಲ್ಲ ಮೇಡಂ."

"ಕೇಳ್ತಿಲ್ವಾ, ಸ್ಪೀಕರಿಗೆ ಹೋಗ್ತಿದೆಯಾ?"

"ಸ್ಪೀಕರಿಗೆ ಹೋಗ್ತಿದೆ."

"ಯಾರಾದ್ರೂ ಕೇಳಿಸ್ಕೊಂಡ್ರಾ ಸ್ವಪ್ನಾ?"

"ನಾನು ಕೂಡಲೇ ನಿಲ್ಲಿಸಿದೆ."

"ಅದಲ್ಲಮ್ಮ ನಾನು ಕೇಳಿದ್ದು. ಇರಲಿ, ಸಂಜೆ ಫಾರಂ ಕಳಿಸ್ತೀನಿ, ಬರೆದುಕೊಡು. ಕೇಳಿಸಿಕೊಂಡಿದ್ರೆ ನಾವು ಆ ಹೆಂಗಸಿಗೆ ಫೋನ್ ಮಾಡಿ ತಿಳಿಸಬೇಕು. ರೂಲ್ ಅದು. ಒಂದ್ಸಲ ಆ ತೂತಿಗೆ ಟಾರ್ಚ್ ಬಿಟ್ಟು ನೋಡು."

ಲ್ಯಾಪ್‌ಟಾಪ್ ಆರಿಸಿ ಟಾರ್ಚ್ ಬಿಟ್ಟಳು. ತೂತಿನ ತಳದಲ್ಲಿ ಹೊಳೆಯಬೇಕಾದದ್ದು ಹೊಳೆಯಲಿಲ್ಲ. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದಾಗ ನೀಲಿ ನೂಲಿನ ಸಣ್ಣದೊಂದು ಉಂಡೆ ಬಂತು. ಹಿಂದೆಯೇ ಇನ್ನೊಂದು. ಅತ್ತೆಯ ಚೀಲದ ಒಳಬದಿಯ ಅಂಚು ಮಡಚಿ ಹೊಲಿದದ್ದಲ್ಲ, ಎಳೆ ಬಿಟ್ಟುಕೊಂಡಿತ್ತು. ಆ ಎಳೆಗಳು ತೂತಿಗೆ ಇಳಿದಿದ್ದವು. ಪಿನ್ನು ಚುಚ್ಚಿದಾಗೆಲ್ಲ ಸ್ವಪ್ನಾ ತಾನೇ ಅವನ್ನು ಒಳಗೆ ಒತ್ತಿ ಒತ್ತಿ ಗಟ್ಟಿಮಾಡಿದ್ದಳು. ಕೊನೆಗೆ ಪಿನ್ನು ಕೂದಲೆಳೆಯಷ್ಟು ಹೊರಗುಳಿದಿತ್ತು, ಮೇಜಿನ ಮೇಲಿಟ್ಟು ಹೋದ ಹೆಡ್‌ಫೋನಿನ ವೈರು ಜಗ್ಗಿ ಅದು ಜಾರಿದಾಗಲೇ ಸ್ಪೀಕರ್ ಟಿಕ್ ಎಂದು ಬಾಯಿ ಬಿಟ್ಟಿತ್ತು. ಯಾರೂ ಏನೂ ಮಾಡಿರಲಿಲ್ಲ. ಇದು ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಪಿನ್ನು ಈ ಸಲ ತಳ ಮುಟ್ಟಿತು. ಹೆಡ್‌ಫೋನ್ ಹೆಸರು ತೆರೆಯ ಮೇಲೆ ವಾಪಸು ಬಂತು. ಸ್ವಪ್ನಾ ಬಾಗಿಲು ಹಾಕಿಕೊಂಡು ಹನ್ನೊಂದನೆಯ ನಿಮಿಷಕ್ಕೆ ಹೋದಳು. ಮಗು ಅತ್ತಿತು, ಯಾರೋ ಎತ್ತಿಕೊಂಡು ಹೋದರು. ಆಮೇಲೆ ನಲವತ್ತೇಳನೆಯ ಹೆಂಗಸು ಅವಸರದ, ತಗ್ಗಿದ ದನಿಯಲ್ಲಿ ಹೇಳಿದಳು:

"ಅದು ನಮ್ ವಾರಗಿತ್ತಿ ಮಗ ಕಣಕ್ಕ. ನಂಗೆ ಮಕ್ಳಿಲ್ಲ ಅಂತ ನಮ್ಮತ್ತೆ ಪಾವಗಡದ ಶನಿದೇವ್ರಿಗೆ ಕರ್ಕಂಡೋಗ್ತೈತೆ. ಮಕ್ಳಾಗ್ದಂಗೆ ನಾನೇ ಕಾಪರ್ ಟಿ ಹಾಕಿಸ್ಕಂಡಿವ್ನಿ ಅಂತ ಯಾರ್ಗೂ ಯೋಳಿಲ್ಲ. ಅಂಗನವಾಡಿ ಟೀಚರು ಒಬ್ಳಿಗೇ ಗೊತ್ತು. ಗೊತ್ತಾದ್ರೆ ಕೊಂದೇ ಹಾಕ್ತಾರೆ. ಫೋನ್ ಗೀನ್ ಮಾಡ್ಬ್ಯಾಡಿ, ಫೋನು ನಮ್ಮತ್ತೆ ಸೆರಗಲ್ಲೇ ಇರ್ತೈತೆ."

ಸ್ವಪ್ನಾ ಹೆಡ್‌ಫೋನ್ ತೆಗೆದಿಟ್ಟಳು. ತವರಿನವರೊಡನೆ ಫೋನಿನಲ್ಲಿ ಮಾತಾಡುವಾಗ ತನ್ನ ಬಾಯಲ್ಲೂ ಬರುವುದು ಇದೇ ಮಾತು, ಇದೇ ರಾಗ. ಈ ಓಣಿಯಲ್ಲಿ ಹಾಗೆ ಮಾತಾಡುವವಳು ತಾನೊಬ್ಬಳೇ. ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗೋಡೆಯಾಚೆ ಕತ್ತಲಲ್ಲಿ ಕೂತವರಿಗೆ ಅದು ಯಾರ ದನಿಯಾಗಿ ಕೇಳಿಸಿರಬಹುದು ಎಂಬುದು ಹೊಳೆದಾಗ ಅವಳು ಕುರ್ಚಿ ಬಿಟ್ಟೆದ್ದಳು.

ಬಾಗಿಲು ತೆರೆದರೆ ಅಂಬಮ್ಮ ಎದುರಿಗೇ ನಿಂತಿದ್ದಳು.

"ಬಾಗಿಲಾ ಯಾಕ ಹಾಕ್ಕೊಂಡಿ? ಹಗಲಾಗೂ ಗುಟ್ಟಿನ ಮಾತು ಸುರುವಾದ್ವೇನು?"

"ಆಫೀಸಿನ ಕೆಲಸ ಅತ್ತೆ."

"ರಾತ್ರಿ ಆಡಿದ್ದೂ ಆಫೀಸಿನ ಕೆಲಸೇನು? ಗ್ವಾಡಿ ಆಚಿಂದ ಅರ್ಧಂಬರ್ಧ ಕೇಳಿದ್ದೇ ಸಾಕಾತು: ಕಾಪರ್ ಟಿ ಅಂತ, ಅತ್ತಿಗೆ ಹೇಳಿಲ್ಲಂತ, ಅಂಗನವಾಡಿ ಟೀಚರಿಗೆ ಗೊತ್ತಂತ. ನಿಮ್ಮ ಮಡಕಶಿರದ 'ಕಣಕ್ಕ' ಅನ್ನೋ ಮಾತು ಕೇಳಿದ್ರ ನನಗ ಗೊತ್ತಾಗಂಗಿಲ್ಲ ಅನ್ಕೊಂಡೀ?"

"ಅದು..."

"ಅದು ನೀನಲ್ಲ ಅಂದ್ರ ಯಾರು, ಹೇಳು. ನಿನ್ನ ಅಕ್ಕನೇನು? ಇಲ್ಲ ಆ ಅಮರಾಪುರದ ಕಡಿ ಯಾವಳನ್ನೋ ಕೇಳಿ ಬರಿತೀಯಲ್ಲ, ಅವಳೇನು? ಗುರುಬಸಮ್ಮ ಅಲ್ಲೇ ಅದಾಳ. ನಮ್ಮ ಚಿಕ್ಕಪ್ಪನ ಮಗಳು. ಯಾವ ಊರಾಗ ಯಾವ ಟೀಚರು ಯಾರನ್ನ ಎಲ್ಲಿಗೆ ಕರ್ಕೊಂಡ್ ಹೋದ್ಲು ಅಂತ ಒಂದು ಫೋನಿನಾಗ ತೆಗಿತಾಳ."

ಅಂಬಮ್ಮನ ಕೈ ಆಗಲೇ ಸೊಂಟದ ಫೋನಿನ ಮೇಲಿತ್ತು. ನಾನಲ್ಲ ಎಂಬ ಮಾತು ಸ್ವಪ್ನಾಳ ನಾಲಗೆಯ ಮೇಲೆ ಸಿದ್ಧವಾಗಿತ್ತು. ಆಡಿದರೆ ತಾನು ಪಾರು. ಆದರೆ ನಾನಲ್ಲ ಅಂದ ಮೇಲೆ ಯಾರು ಎಂಬುದನ್ನು ಹುಡುಕದೆ ಬಿಡುವ ಹೆಂಗಸಲ್ಲ ಇವಳು. ಕತ್ತಲಾಗುವುದರೊಳಗೆ ಗುರುಬಸಮ್ಮ ಪತ್ತೆ ಮಾಡಿರುತ್ತಾಳೆ.

"ನಾನೇ ಅತ್ತೆ," ಅಂದಳು.

ಅಂಬಮ್ಮ ಫೋನಿನಿಂದ ಕೈ ತೆಗೆದಳು. ಸಿಟ್ಟು ಬರುತ್ತದೆಂದು ಕಾದರೆ, ಅವಳು ಅಲ್ಲೇ ಪ್ಯಾಂಟಿನ ರಾಶಿಯ ಮೇಲೆ ಕೂತುಬಿಟ್ಟಳು.

"ಕಿರಣಗ ಗೊತ್ತೇನು?"

"ಇಲ್ರಿ."

"ನಾನೇನು ನಿನಗ ಮೊಮ್ಮಗನ್ನ ಕೊಡು ಅಂತ ಸೆರಗು ಹಿಡಿದಿದ್ದೆನೇನು? ನನ್ನ ಕೇಳಿ ಹಾಕಿಸ್ಕೊಂಡಿದ್ರ ಬ್ಯಾಡ ಅಂತಿದ್ದೆನೇನು? ಬರೋ ಸೋಮವಾರ ಬಳ್ಳಾರಿಗೆ ಹೋಗೋಣು. ಡಾಕ್ಟರಮ್ಮನ ಕಡಿಂದ ತೆಗಿಸಿಬಿಡೋಣು."

ಇಲ್ಲದ್ದನ್ನು ತೆಗೆಸುವುದು ಹೇಗೆ? ಸ್ವಪ್ನಾ ವಾಯಿದೆ ಕೇಳಿದಳು. "ಒಂದು ವರ್ಷ ಬಿಡ್ರಿ ಅತ್ತೆ. ಆಮೇಲೆ ನಾನೇ ಹೋಗಿ ತೆಗೆಸಿಕೊಳ್ತೀನಿ."

"ಆರು ತಿಂಗಳು."

"ಆಯ್ತ್ರಿ."

"ಗುರುಬಸಮ್ಮಗ ಹೇಳಂಗಿಲ್ಲ. ಅವಳಿಗೆ ಹೇಳಿದ್ರ ಮೈಕಿನಾಗ ಹೇಳಿದಂಗ. ಆದ್ರ ಒಂದು ಮಾತು ನೆನಪಿಟ್ಕೋ, ನನ್ನ ಕಣ್ಣು ನಿನ್ನ ಮ್ಯಾಲೇ ಇರ್ತೈತಿ."

ಅಂಬಮ್ಮ ಕತ್ತರಿ ಎತ್ತಿಕೊಂಡಳು. ಅವಳು ಪೂರ್ತಿ ನಂಬಿದಳೋ, ನಂಬಿದಂತೆ ತೋರಿಸಿ ಇನ್ನೇನನ್ನೋ ಕಾಯುತ್ತಿದ್ದಾಳೋ, ಆ ಬಗ್ಗಿದ ತಲೆಯಿಂದ ತಿಳಿಯುವಂತಿರಲಿಲ್ಲ. ಇನ್ನು ಆರು ತಿಂಗಳು ಒಬ್ಬರನ್ನೊಬ್ಬರು ನೋಡುತ್ತ ಇರಬೇಕು.

ಸಂಜೆ ಫಾರಂ ಬಂತು. ತೊಂದರೆ ಏನು ಎಂಬಲ್ಲಿ, ಹೆಡ್‌ಫೋನ್ ತೂತಿನಲ್ಲಿ ಬಟ್ಟೆಯ ಎಳೆ ಸಿಕ್ಕಿಕೊಂಡಿತ್ತು, ತೆಗೆಯಲಾಗಿದೆ, ಈಗ ಸರಿಯಾಗಿದೆ ಎಂದು ಬರೆದಳು. ಕೆಳಗೆ ಕೊನೆಯ ಪ್ರಶ್ನೆ ಇತ್ತು: ಬೇರೆ ಯಾರಾದರೂ ಕೇಳಿಸಿಕೊಂಡರೇ?

ಹೌದು ಎಂದರೆ ಅನಂತಪುರದಿಂದ ಫೋನ್ ಹೋಗುತ್ತದೆ. ಎತ್ತಿಕೊಳ್ಳುವವಳು ನಲವತ್ತೇಳನೆಯವಳ ಅತ್ತೆ. ಸ್ವಪ್ನಾ ಈ ಕೆಲಸದ ಯಾವ ಕಾಗದದಲ್ಲೂ ಸುಳ್ಳು ಬರೆದವಳಲ್ಲ. ಮನೆಯಿಂದಲೇ ತುಂಬುವ ಹಾಜರಿ ಪಟ್ಟಿಯಲ್ಲಿ ಐದು ನಿಮಿಷ ತಡವಾದದ್ದನ್ನೂ ಬರೆಯುತ್ತಿದ್ದಳು. ಅಷ್ಟು ಹೊತ್ತಿಗೆ ಬಳ್ಳಾರಿಯಿಂದ ಕಿರಣ್‌ಕುಮಾರ್ ಫೋನ್ ಮಾಡಿದ. "ಏನು ವಿಶೇಷ ಮನ್ಯಾಗ?" ಅಂದ.

"ಏನಿಲ್ಲ," ಅಂದಳು. "ಹೆಡ್‌ಫೋನ್ ಕೆಟ್ಟಿತ್ತು, ಸರಿಮಾಡ್ಕೊಂಡೆ."

ಫೋನ್ ಇಟ್ಟು, ಕೊನೆಯ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಟೈಪ್ ಮಾಡಿ ಕಳಿಸಿದಳು. ರೇಖಾ ಮೇಡಂಗೆ ಇಲ್ಲ, ಗಂಡನಿಗೆ ಇಲ್ಲ, ಮಡಕಶಿರದಲ್ಲಿರುವ ಅಮ್ಮನಿಗೂ ಇಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ.