ಸಪ್ಪೆ ಎಡೆ

ಹೊಳವನಹಳ್ಳಿಯ ಸಿದ್ದಗಂಗಮ್ಮನ ಗಂಡ ನಾಗಲಿಂಗಯ್ಯ ತೀರಿಕೊಂಡು ಮೂರು ತಿಂಗಳಾಗಿತ್ತು. ಆದರೂ ದಿನಾ ಬೆಳಗ್ಗೆ ಅವಳು ಕೊಟ್ಟಿಗೆಗೆ ಬರುವಷ್ಟರಲ್ಲಿ ಹಸುವಿನ ಮುಂದೆ ಒಂದು ತಬ್ಬು ರಾಗಿಹುಲ್ಲು ಬಿದ್ದಿರುತ್ತಿತ್ತು. ಹಿತ್ತಲ ಹುಲ್ಲುಮೆದೆಯ ಎಡಮಗ್ಗುಲಿನಿಂದ ಹಿರಿದದ್ದು. ನಾಗಲಿಂಗಯ್ಯ ಎಡಚ. ಇನ್ನೇನು ಸಾಕ್ಷಿ ಬೇಕು ಹೇಳಿ! ಮೊದಲ ದಿನ ಸಿದ್ದಗಂಗಮ್ಮ ಹೆದರಿ ಹಿಂದೆ ಸರಿದಳು. ಬರುಬರುತ್ತಾ ಅದೇ ಒಂದು ಸಮಾಧಾನವಾಯಿತು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಅಂಥ ಮೆದೆಯನ್ನು ಕೇಳಿಕೊಂಡು ಮೋಹನ್ ಕುಮಾರ್ ಬಂದ. ಹುಲ್ಲು, ಹೊಟ್ಟಿನಿಂದ ಸಕ್ಕರೆ ತೆಗೆದು ಗಾಡಿಗಳಿಗೆ ಇಂಧನ ಮಾಡುವ ಹೊಸ ಕಾರ್ಖಾನೆಯವನು.

"ಮೆದೆ ಕೊಡಲ್ಲ ಕಣಪ್ಪ," ಅಂದಳು. ಮೆದೆ ಹೋದರೆ ಮುದುಕನಿಗೆ ಬರಲು ನೆಪವೆಲ್ಲಿ?

"ಇದ್ರೊಳಗೆ ಸಕ್ಕರೆ ಐತೆ ಕಣಮ್ಮ. ಪುಡಿ ಮಾಡಿ, ಹಬೇಲಿ ಬೇಯ್ಸಿ, ಎಂಜೈಮ್ ಅಂತ ಒಂದು ಹೆಪ್ಪು ಹಾಕಿದ್ರೆ ಹುಲ್ಲೇ ಸಕ್ಕರೆ ಬುಡ್ತದೆ." ಅವನು ಚೀಲದಿಂದ ಪುಟ್ಟ ಬಾಟಲಿ ತೆಗೆದ. "ಸುಗ್ಗೀಲಿ ನಿಮ್ ಯಜಮಾನ್ರೇ ಪರೀಕ್ಷೆಗೆ ಒಂದು ಹೊರೆ ಕೊಟ್ಟಿದ್ರು. ಅದ್ರದೇ ಪಾಕ. ತಿನ್ನಂಗಿಲ್ಲ ಮತ್ತೆ. 'ಹುಲ್ಲಲ್ಲೂ ಸಕ್ಕರೆ ಐತಾ? ನಮ್ಮೋಳಿಗೆ ಗೊತ್ತಾದ್ರೆ ಇದನ್ನೂ ಬಚ್ಚಿಡ್ತಾಳೆ' ಅಂತ ನಗಾಡಿದ್ರು."

ಸಿದ್ದಗಂಗಮ್ಮನಿಗೆ ನಗು ಬರಲಿಲ್ಲ. ಹತ್ತು ವರ್ಷ ಸಕ್ಕರೆ ಕಾಯಿಲೆಯ ಗಂಡನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದವಳು ಅವಳು. ಕೊನೆಯ ದಿನ "ಒಂದ್ ಚಮ್ಚ ಪಾಯ್ಸ ಕೊಡೇ ಗಂಗಿ" ಎಂದು ಕೈ ಚಾಚಿದವನನ್ನು ಗದರಿಸಿದ್ದಳು. ಅದೂ ಹೋಗಲಿ, ಹನ್ನೊಂದನೇ ದಿನ ಎಡೆ ಇಡುವಾಗ, ಕೈಗೆ ಅಂಟಿದ ರೂಢಿ ನೋಡಿ, ಸತ್ತವನ ಎಲೆಗೂ ಸಪ್ಪೆ ಪಾಯಸವನ್ನೇ ಬಡಿಸಿಬಿಟ್ಟಿದ್ದಳು! ಅದು ಈಗ ಹೊಳೆಯಿತು. ಅಯ್ಯೋ ಶಿವನೇ, ಮುದುಕ ಬರುತ್ತಿದ್ದುದು ಹುಲ್ಲು ಹಿರಿಯಲಲ್ಲ, ಆ ಒಂದು ಚಮಚ ಸಿಹಿಗೆ.

"ಬಾಟ್ಲಿ ಕೊಟ್ಟೋಗಪ್ಪ."

"ತಿನ್ಬಾರ್ದು ಅಂದ್ನಲ್ಲಮ್ಮ?"

"ನಾನ್ ತಿನ್ನಲ್ಲ. ತಿನ್ನೋರಿಗೆ ಇನ್ನೇನೂ ಆಗಲ್ಲ ಬುಡು."

ಅವನು ಕಕ್ಕಾಬಿಕ್ಕಿಯಾಗಿ ಬಾಟಲಿ ಕೊಟ್ಟು ಹೊರಟ. ಸಿದ್ದಗಂಗಮ್ಮ ಸಂಜೆಯವರೆಗೂ ಬಾಟಲಿಯನ್ನು ಸೆರಗಿನಲ್ಲಿ ಹಿಡಿದು ಕೂತಳು. ಸಿಹಿ ಕೊಟ್ಟರೆ ಮುದುಕ ತೃಪ್ತಿಯಾಗಿ ಹೋಗಿಬಿಡುತ್ತಾನೆ. ಕೊಡದಿದ್ದರೆ ನಾಳೆಯೂ ಬರುತ್ತಾನೆ, ನಾಡಿದ್ದೂ ಬರುತ್ತಾನೆ. ಬರಲಿ ಎಂದು ಅವಳ ಜೀವ ಒದ್ದಾಡಿತು.

ದೀಪ ಹಚ್ಚುವ ಹೊತ್ತಿಗೆ ಎದ್ದಳು. ಮೆದೆಯ ಎಡಮಗ್ಗುಲಲ್ಲಿ ಬಾಳೆಎಲೆ ಹಾಸಿ, ಪಾಯಸ ಬಡಿಸಿ, ಅವನೇ ಕೊಟ್ಟ ಹುಲ್ಲಿನ ಪಾಕದ ಬಾಟಲಿಯನ್ನು ಪೂರ್ತಿ ಬಗ್ಗಿಸಿದಳು.

"ತಿನ್ನಿ. ಇವತ್ತು ಬ್ಯಾಡ ಅನ್ನಲ್ಲ," ಎಂದು ಬಿಕ್ಕಿದಳು. ಎಡೆ ಇಟ್ಟು ನಿಂತು ನೋಡಬಾರದು. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಬೆಳಗ್ಗೆ ಎಲೆ ಬರಿದಾಗಿತ್ತು. ನಾಯಿ ನೆಕ್ಕಿದ್ದರೂ ನೆಕ್ಕಿರಬಹುದು. ಆದರೆ ಹಸುವಿನ ಮುಂದೆ ಒಂದೆಳೆ ಹುಲ್ಲಿರಲಿಲ್ಲ. ಹಸು ಮೆದೆಯ ಕಡೆ ಕತ್ತು ನೀಡಿ ಅಂಬಾ ಎಂದಿತು.

ಸಿದ್ದಗಂಗಮ್ಮ ಮೋಹನ್ ಕುಮಾರನಿಗೆ ಫೋನ್ ಮಾಡಿ, "ಹಸೂಗೆ ಆಗೋಷ್ಟು ಬುಟ್ಟು ಮಿಕ್ಕಿದ್ದು ತಗೊಂಡೋಗಪ್ಪ," ಎಂದಳು. ಆಮೇಲೆ ಮೆದೆಯ ಎಡಮಗ್ಗುಲಿಗೆ ಕೈ ಹಾಕಿ, ಒಂದು ತಬ್ಬು ಹುಲ್ಲನ್ನು ತಾನೇ ಹಿರಿದಳು.